ಚೀನಾದ ಸಿದ್ಧಾಂತವೂ ತಾತನ ಪ್ರಶ್ನೆಯೂ

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಂದೆಯವರು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವರು, ತಾತನವರು ಹೆಬ್ಬೆಟ್ಟಿನವರು. ಇಂಥ ಮನೆಯ ಹುಡುಗ ಎದ್ದು ನಿಂತು, ಚೀನಾದ ರಾಜಕಾರಣದಲ್ಲಿ ಸಿದ್ಧಾಂತದ ಪಾತ್ರವೇನೆಂಬುದನ್ನು ಹತ್ತೇ ನಿಮಿಷದಲ್ಲಿ ಇತ್ಯರ್ಥ ಮಾಡುವುದೆಂದರೆ ಸಾಮಾನ್ಯ ಸಾಹಸವೇ? ನಮ್ಮ ವಿಭಾಗದ ವಿಚಾರಗೋಷ್ಠಿಯಲ್ಲಿ ನಾನು ಮಾಡಿದುದು ಅದನ್ನೇ.

"ಚೀನಾದ ಸಿದ್ಧಾಂತವೆಂಬುದು ಬೆದರುಬೊಂಬೆಗೆ ತೊಡಿಸಿದ ಅಂಗಿ, ಒಳಗಿರುವುದೆಲ್ಲ ಸ್ವಾರ್ಥದ ಹುಲ್ಲು" ಎಂದು ಸಾರಿದೆ. ಆಧಾರಗಳಿಗೇನೂ ಕೊರತೆಯಿರಲಿಲ್ಲ. 1950ರಲ್ಲಿ ಸೋವಿಯತ್ ಒಕ್ಕೂಟದೊಡನೆ ಮೈತ್ರಿಯ ಒಪ್ಪಂದಕ್ಕೆ ಸಹಿ ಹಾಕಿದ ಚೀನಾ 1969ರಲ್ಲಿ ಉಸ್ಸೂರಿ ನದಿಯ ಒಂದು ದ್ವೀಪಕ್ಕಾಗಿ ಅದೇ ಒಕ್ಕೂಟದ ಸೈನಿಕರೊಡನೆ ಕಾದಾಡಿತು. ಬಂಡವಾಳಶಾಹಿಯ ಪರಮ ವೈರಿಯಾದ ಮಾವೋ 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ನರ ಕೈ ಕುಲುಕಿದರು. 1979ರಲ್ಲಿ ಕಮ್ಯುನಿಸ್ಟ್ ಚೀನಾ ಕಮ್ಯುನಿಸ್ಟ್ ವಿಯೆಟ್ನಾಮಿನ ಮೇಲೆಯೇ ದಂಡೆತ್ತಿ ಹೋಯಿತು. ಸಿದ್ಧಾಂತವೆಲ್ಲಿ ಉಳಿಯಿತು?

ಗೆಳೆಯರು ಚಪ್ಪಾಳೆ ತಟ್ಟಿದರು. ಅಧ್ಯಾಪಕರು ಮಾತ್ರ ಕನ್ನಡಕ ಒರೆಸಿಕೊಳ್ಳುತ್ತ, "ಎಲ್ಲ ಸರಿಯಪ್ಪ. ಅಂಗಿಯಿಂದ ಪ್ರಯೋಜನವೇ ಇಲ್ಲದಿದ್ದರೆ, ಇಷ್ಟು ವರ್ಷಗಳಾದರೂ ಅದನ್ನು ಕಳಚಿ ಬಿಸುಡಲಿಲ್ಲವೇಕೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ತಲೆ ತಗ್ಗಿಸಿ ಕುಳಿತೆ.

ರಜೆಗೆಂದು ಊರಿಗೆ ಹೋದರೂ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಒಂದು ಸಂಜೆ ಜಗಲಿಯ ಮೇಲೆ ಪುಸ್ತಕ ಹಿಡಿದು ಕುಳಿತಿದ್ದೆ. ಎಲೆಅಡಿಕೆ ಕುಟ್ಟುತ್ತಿದ್ದ ತಾತ, "ಅದೇನಪ್ಪಾ, ಅಷ್ಟೊತ್ನಿಂದ ಓದ್ತಾನೇ ಇದ್ದೀಯ?" ಎಂದರು. ನಾನು ಓದುತ್ತಿದ್ದುದು ಚೀನಾದ ಆನ್‌ಹುಯಿ ಪ್ರಾಂತದ ಶಿಯಾವ್‌ಗಾಂಗ್ ಎಂಬ ಹಳ್ಳಿಯ ಸಂಗತಿ. ಬೇಸಾಯದ ಮಾತೆಂದರೆ ತಾತನಿಗೆ ಪ್ರಾಣ. ಹೇಳತೊಡಗಿದೆ.

1958ರಲ್ಲಿ ಮಾವೋ ಅವರ ಸರಕಾರ ಹಳ್ಳಿಗಳನ್ನೆಲ್ಲ ಕಮ್ಯೂನುಗಳಾಗಿ ಮಾರ್ಪಡಿಸಿತು. ಹೊಲ, ದನ, ಕಡೆಗೆ ಅಡಿಗೆಯ ಒಲೆಯೂ ಮನೆಯದಾಗಿ ಉಳಿಯಲಿಲ್ಲ. ಮೇಲಿನವರನ್ನು ಮೆಚ್ಚಿಸಲೆಂದು ಅಧಿಕಾರಿಗಳು ಇಲ್ಲದ ಬೆಳೆಯನ್ನು ಲೆಕ್ಕದಲ್ಲಿ ಬೆಳೆದರು. ಆ ಲೆಕ್ಕದಂತೆ ಸರಕಾರ ಧಾನ್ಯವನ್ನು ಒಯ್ದಿತು. 1959ರಲ್ಲಿ ರಕ್ಷಣಾ ಸಚಿವ ಪೆಂಗ್ ದೆಹುವಾಯ್ ಈ ತಪ್ಪುಗಳನ್ನು ಪತ್ರದ ಮೂಲಕ ಮಾವೋ ಅವರಿಗೆ ತಿಳಿಸಿ, 'ಬಲಪಂಥೀಯ'ನೆನಿಸಿಕೊಂಡು ಪದವಿಯನ್ನು ಕಳೆದುಕೊಂಡರು. ಆಮೇಲೆ ನಿಜ ಹೇಳುವವರು ಯಾರು? ಆ ಕ್ಷಾಮದಲ್ಲಿ ಸತ್ತವರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಎಂದು ವಿದ್ವಾಂಸರು ಬೇರೆ ಬೇರೆ ಅಂದಾಜು ಮಾಡಿದ್ದಾರೆ.

ಆ ನೋವನ್ನುಂಡ ಶಿಯಾವ್‌ಗಾಂಗಿನ 18 ಮನೆಗಳ ರೈತರು 1978ರ ಚಳಿಗಾಲದ ಒಂದು ರಾತ್ರಿ ಗುಟ್ಟಾಗಿ ಸೇರಿ, ಸಾಮೂಹಿಕ ಹೊಲವನ್ನು ಮನೆಮನೆಗೆ ಹಂಚಿಕೊಂಡರು. ಇದಕ್ಕಾಗಿ ಮುಂದಾಳುಗಳು ಸೆರೆಮನೆಗೆ ಹೋದರೆ ಅವರ ಮಕ್ಕಳನ್ನು ಹದಿನೆಂಟು ವರ್ಷದವರೆಗೆ ಉಳಿದವರು ಸಾಕಬೇಕೆಂದು ಕಾಗದ ಬರೆದು, ಕೆಂಪು ಮಸಿಯಲ್ಲಿ ಹೆಬ್ಬೆಟ್ಟು ಒತ್ತಿದರು.

ತಾತನ ಕುಟ್ಟಾಣಿ ನಿಂತಿತು. "ಹೆಬ್ಬೆಟ್ಟು ಒತ್ತಿದ್ರಾ?" ಎಂದು ತಮ್ಮ ಬೆರಳನ್ನೊಮ್ಮೆ ನೋಡಿಕೊಂಡರು. "ಆಮ್ಯಾಕೆ? ಜೈಲಾಯ್ತಾ?"

"ಇಲ್ಲ ತಾತ. ಮುಂದಿನ ವರ್ಷ ಬೆಳೆ ಚೆನ್ನಾಗಿ ಬಂತು. ಸರಕಾರವೇ ಒಪ್ಪಿಕೊಂಡು, ಮನೆವಾರು ಹೊಣೆಗಾರಿಕೆ ಅಂತ ಹೆಸರಿಟ್ಟು, ದೇಶಕ್ಕೆಲ್ಲ ಹರಡಿತು."

ಸಿದ್ಧಾಂತ ಸತ್ತುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ನಾನು ಮನಸ್ಸಿನಲ್ಲೇ ಹಿಗ್ಗುತ್ತಿರುವಾಗ ತಾತ ಕೇಳಿದರು: "ಅದ್ಸರಿ. ಪಾಣಿ ಯಾರ ಹೆಸ್ರಲ್ಲೈತೆ?"

ಮೊದಲು ನಗು ಬಂತು. ಪುಸ್ತಕ ತಿರುವಿದ ಮೇಲೆ ನಗು ಹೋಯಿತು. ಪಹಣಿ ರೈತನ ಹೆಸರಿನಲ್ಲಿಲ್ಲ! ಚೀನಾದ ಸಂವಿಧಾನದಂತೆ ಹಳ್ಳಿಯ ಭೂಮಿ ಇಂದಿಗೂ ಸಾಮೂಹಿಕ ಸ್ವತ್ತು. ರೈತನಿಗಿರುವುದು ಕರಾರಿನ ಮೇಲೆ ಉಳುವ ಹಕ್ಕು. "ನಾವೂ ಗೇಣಿಗೆ ಉಳ್ತಿದ್ವಲ್ಲಪ್ಪ, ಬೆಳೆ ಮನೇಗೆ ಬರ್ತಿತ್ತು, ಹೊಲ ಬರ್ಲಿಲ್ಲ" ಎಂದರು ತಾತ. 1974ರ ಭೂಸುಧಾರಣೆಯ ಕಾನೂನು ಬಂದ ಮೇಲೆ ಗೇಣಿಯ ಹೊಲವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡವರು ಅವರು. ಉಳುವುದಕ್ಕೂ ಒಡೆಯನಾಗುವುದಕ್ಕೂ ಇರುವ ಅಂತರ ಅವರಿಗೆ ಗೊತ್ತು. ಅದು ನನ್ನ ಟಿಪ್ಪಣಿಗಳಲ್ಲಿ ಇರಲಿಲ್ಲ.

ಆ ರಾತ್ರಿ ನನಗೆ ಅಧ್ಯಾಪಕರ ಪ್ರಶ್ನೆಗೆ ಉತ್ತರ ಹೊಳೆಯಿತು. ಚೀನಾದಲ್ಲಿ ನೀತಿಯೆಂಬುದು ಬೆಳೆ; ಸಿದ್ಧಾಂತವೆಂಬುದು ಪಹಣಿ. ಬೆಳೆ ವರ್ಷ ವರ್ಷ ಬದಲಾಗಬಹುದು, ಪಹಣಿಯಲ್ಲಿನ ಹೆಸರು ಬದಲಾಗಕೂಡದು. ರೈತರು ಹೆಬ್ಬೆಟ್ಟು ಒತ್ತಿದ ಕೆಲವೇ ತಿಂಗಳಲ್ಲಿ, 1979ರ ಮಾರ್ಚಿನಲ್ಲಿ, ಡೆಂಗ್ ಶಿಯಾವೊಪಿಂಗ್ ಪ್ರಶ್ನಿಸಲಾಗದ ನಾಲ್ಕು ಮೂಲತತ್ತ್ವಗಳನ್ನು ಸಾರಿದರು. ಪಕ್ಷದ ನಾಯಕತ್ವ ಅವುಗಳಲ್ಲೊಂದು. 1992ರಲ್ಲಿ ಮಾರುಕಟ್ಟೆಯನ್ನು ಒಪ್ಪಿದಾಗಲೂ ಪಕ್ಷ ಅದಕ್ಕೆ 'ಸಮಾಜವಾದಿ ಮಾರುಕಟ್ಟೆ' ಎಂದೇ ನಾಮಕರಣ ಮಾಡಿತು. ಮಾಡುವವರು ಯಾರೇ ಇರಲಿ, ಹೆಸರಿಡುವ ಹಕ್ಕು ಪಕ್ಷದ್ದು. ಆ ಹಕ್ಕಿನಲ್ಲಿ ಪಾಲು ಕೇಳಿದ ವಿದ್ಯಾರ್ಥಿಗಳ ಮೇಲೆ 1989ರ ಜೂನಿನಲ್ಲಿ ಬೀಜಿಂಗಿನಲ್ಲಿ ಸೈನ್ಯ ಬಂದಿತು. 2018ರಲ್ಲಿ ಪಕ್ಷದ ನಾಯಕತ್ವವೇ ಚೀನೀ ಸಮಾಜವಾದದ ಮುಖ್ಯ ಲಕ್ಷಣವೆಂದು ಸಂವಿಧಾನದ ಮೊದಲನೆಯ ವಿಧಿಗೇ ಸೇರಿಸಿದರು.

ಈ ಬೆಳಕಿನಲ್ಲಿ ನೋಡಿದರೆ ನನ್ನ ಆಧಾರಗಳೇ ಬೇರೆ ಕಥೆ ಹೇಳುತ್ತವೆ. ಮಾಸ್ಕೋ ಮತ್ತು ಬೀಜಿಂಗ್‌ಗಳ ಜಗಳ ಗಡಿಗಾಗಿ ಮಾತ್ರವಲ್ಲ; ಮಾರ್ಕ್ಸ್ ಮತ್ತು ಲೆನಿನ್ನರ ಆಸ್ತಿಗೆ ನಿಜವಾದ ವಾರಸುದಾರರು ಯಾರೆಂಬ ದಾಯಾದಿ ಜಗಳವೂ ಅದಾಗಿತ್ತು. ಇಂದು ಚೀನಾ ಅರಸೊತ್ತಿಗೆಯೊಡನೆಯೂ ವ್ಯಾಪಾರ ಮಾಡುತ್ತದೆ, ಪ್ರಜಾಪ್ರಭುತ್ವದೊಡನೆಯೂ ಮಾಡುತ್ತದೆ; ಯಾರ ಮತವನ್ನೂ ವಿಚಾರಿಸುವುದಿಲ್ಲ. ಆದರೆ 2010ರಲ್ಲಿ ಸೆರೆಯಲ್ಲಿದ್ದ ಲಿಯು ಶಿಯಾವೊಬೊ ಅವರಿಗೆ ನೊಬೆಲ್ ಶಾಂತಿ ಪಾರಿತೋಷಕ ಬಂದಾಗ ಏನಾಯಿತು? ಗಡಿಯ ತಕರಾರೇ ಇಲ್ಲದ ದೂರದ ನಾರ್ವೆಯ ಮೇಲೆ ಚೀನಾ ಮುನಿಸಿಕೊಂಡಿತು; 2016ರ ಡಿಸೆಂಬರಿನವರೆಗೆ ಸಂಬಂಧ ಸರಿಹೋಗಲಿಲ್ಲ. ಲಿಯು ಕೇಳಿದ್ದು ಪಹಣಿಯ ಪ್ರಶ್ನೆಯನ್ನಲ್ಲವೇ?

ಹಾಗೆಂದು ಎಲ್ಲವೂ ಸಿದ್ಧಾಂತವೇ ಎಂದು ಮತ್ತೊಮ್ಮೆ ಸಾರಲು ನಾನು ಸಿದ್ಧನಿಲ್ಲ. ಗಡಿ, ವ್ಯಾಪಾರ, ಪರಕೀಯರಿಂದಾದ ಅವಮಾನದ ನೆನಪು, ಇವೂ ಆ ದೇಶವನ್ನು ನಡೆಸುತ್ತವೆ. ಹತ್ತು ನಿಮಿಷದಲ್ಲಿ ಇತ್ಯರ್ಥ ಮಾಡುವ ಚಪಲ ಮಾತ್ರ ನನ್ನನ್ನು ಬಿಟ್ಟುಹೋಗಿದೆ. ಮೂರು ವರ್ಷ ಗ್ರಂಥಾಲಯದಲ್ಲಿ ಹುಡುಕಿದ ನಾನು, ಮನೆಯ ಜಗಲಿಯ ಮೇಲಿದ್ದವರನ್ನು ಒಂದು ಮಾತೂ ಕೇಳಿರಲಿಲ್ಲವಲ್ಲ ಎಂಬ ನಾಚಿಕೆ ಉಳಿದಿದೆ.

ಇನ್ನೇನು ಅಂತಿಮ ಪರೀಕ್ಷೆ. ಚೀನಾದ ಪ್ರಶ್ನೆ ಹತ್ತು ಅಂಕಕ್ಕೆ ಬಂದರೂ ಬರಬಹುದು. ಉತ್ತರಪತ್ರಿಕೆಯಲ್ಲಿ ತಾತನ ಹೆಸರು ಬರೆಯುವಂತಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಸಂಚಿಕೆ ಅಚ್ಚಾಗಿ ಬಂದ ಮೇಲೆ ಅವರಿಗೆ ಓದಿ ಹೇಳಬೇಕು.