ಕಾಡು ಬಾ ಎಂದಾಗ

ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ ಎಂಬುದು ಮುಪ್ಪನ್ನು ಕುರಿತು ನಮ್ಮ ನಾಡಿನಲ್ಲಿ ಆಡುವ ಮಾತು. ಇಲ್ಲಿ ಕಾಡೆಂದರೆ ಸುಡುಗಾಡು. ವಯಸ್ಸಾದವರಿಂದ ಇನ್ನು ಆಗಬೇಕಾದ ಕೆಲಸವೇನೂ ಉಳಿದಿಲ್ಲವೆಂಬುದೇ ಮಾತಿನ ಹುರುಳು. ನಮ್ಮ ಪೂರ್ವಿಕರಾದರೋ ಅದೇ ಕಾಡನ್ನು ಬೇರೊಂದು ಬಗೆಯಲ್ಲಿ ಕಂಡಿದ್ದರು. ಮನೆಯ ಭಾರ ಇಳಿದ ಮೇಲೆ ಗಂಡಹೆಂಡಿರು ಜೊತೆಯಾಗಿ ವನಕ್ಕೆ ತೆರಳಬಹುದೆಂದು ಧರ್ಮಶಾಸ್ತ್ರಗಳು ಹೇಳಿದುವು. ಆ ಬಾಳನ್ನು ವಾನಪ್ರಸ್ಥವೆಂದು ಕರೆದುವು. ಈ ಆಶ್ರಮವು ಪುರಾಣದ ಪುಟಗಳಲ್ಲಿ ಮಾತ್ರ ಉಳಿದು, ಬಳಕೆಯಿಂದ ಹೆಚ್ಚುಕಡಿಮೆ ಅಳಿದುಹೋಗಿದ್ದ ಕಾಲದಲ್ಲಿ, ಅದನ್ನು ಬಾಳಿ ತೋರಿಸಿದವರು ಇಂಗ್ಲೆಂಡಿನಿಂದ ಬಂದ ದಂಪತಿಗಳೆಂಬುದು ಸೋಜಿಗದ ಸಂಗತಿ. ಆತ ಕ್ಯಾಪ್ಟನ್ ಜೇಮ್ಸ್ ಹೆನ್ರಿ ಸೇವಿಯರ್. ಆಕೆ ಶಾರ್ಲಟ್ ಸೇವಿಯರ್.

ಕ್ಯಾಪ್ಟನ್ ಸೇವಿಯರರು ಹಿಂದೆ ಕೆಲವು ವರ್ಷ ಸೈನ್ಯದ ಅಧಿಕಾರಿಯಾಗಿ ಇಂಡಿಯಾದಲ್ಲಿ ಇದ್ದವರು. ಅಂದು ಅವರು ಈ ದೇಶವನ್ನು ಕಂಡದ್ದು ಆಳುವವರ ಕಣ್ಣಿನಿಂದ. ಊರಿಗೆ ಮರಳಿದ ಮೇಲೆ ಸತಿಪತಿಗಳಿಬ್ಬರೂ ಮನಸ್ಸಿಗೆ ನೆಮ್ಮದಿ ಕೊಡುವ ಧರ್ಮವನ್ನು ಅರಸುತ್ತ ಹಲವು ಪಂಥಗಳ ಬಾಗಿಲು ತಟ್ಟಿದರು, ತೃಪ್ತಿ ದೊರೆಯಲಿಲ್ಲ. ಕೊನೆಗೆ ಲಂಡನ್ನಿನಲ್ಲಿ ಸ್ವಾಮಿ ವಿವೇಕಾನಂದರ ವೇದಾಂತೋಪನ್ಯಾಸಗಳನ್ನು ಕೇಳಿದರು. ತಾವು ಹುಡುಕುತ್ತಿದ್ದುದು ಇದೇ ಎಂದು ಇಬ್ಬರಿಗೂ ಒಟ್ಟಿಗೆ ತೋರಿತು. ಸ್ವಾಮಿಗಳು ಆಕೆಯನ್ನು ಮೊದಲಿನಿಂದಲೂ ತಾಯಿ ಎಂದೇ ಕರೆದರು. ಮಕ್ಕಳಿಲ್ಲದ ಆ ಮನೆಗೆ ಆ ಒಂದು ಮಾತು ಎಷ್ಟು ತುಂಬಿಕೊಟ್ಟಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

1896ರ ಬೇಸಿಗೆಯಲ್ಲಿ ಅವರು ಸ್ವಾಮಿಗಳನ್ನು ಸ್ವಿಟ್ಸರ್‌ಲೆಂಡಿನ ಆಲ್ಪ್ಸ್ ಪರ್ವತಗಳಿಗೆ ಕರೆದೊಯ್ದರು. ಅಲ್ಲಿಯ ಹಿಮಶಿಖರಗಳನ್ನು ಕಂಡ ಸ್ವಾಮಿಗಳಿಗೆ ಹಿಮಾಲಯದ ನೆನಪಾಯಿತು. ಪೂರ್ವದವರೂ ಪಶ್ಚಿಮದವರೂ ಒಂದೇ ಮನೆಯವರಂತೆ ಕೂಡಿ ಬಾಳುವ ಆಶ್ರಮವೊಂದು ಅಲ್ಲಿ ಏಳಬೇಕೆಂಬ ಹಂಬಲ ಹುಟ್ಟಿತು. ಹಂಬಲ ಸ್ವಾಮಿಗಳದು, ಅದನ್ನು ನೆರವೇರಿಸುವ ಹೊಣೆಯನ್ನು ದಂಪತಿಗಳು ತಮ್ಮದೆಂದು ತಿಳಿದರು. ಮನೆಯ ಸಾಮಾನುಗಳನ್ನು ಮಾರಿ, ಆ ವರ್ಷದ ಡಿಸೆಂಬರಿನಲ್ಲೇ ಅವರೊಡನೆ ಹಡಗು ಹತ್ತಿದರು. 1897ರ ಜನವರಿ 15ರಂದು ಕೊಲಂಬೊ ಕಂಡಿತು. ಮಧ್ಯವಯಸ್ಸು ಕಳೆದವರು ಇದ್ದ ಮನೆಯನ್ನು ಮುರಿದು, ಇನ್ನೂ ಇಲ್ಲದ ಮನೆಯೊಂದನ್ನು ನಂಬಿ ಹೊರಟರು.

ಮೊದಲಿಗೆ ಅವರು ಅಲ್ಮೋರದಲ್ಲಿ ನೆಲಸಿದರು. ಅಲ್ಲಿ ಅವರ ಪಾಲಿಗೆ ಒದಗಿದ ಸೇವೆಯನ್ನು ನೋಡಬೇಕು. ಮದರಾಸಿನಲ್ಲಿ 1896ರ ಜುಲೈ ತಿಂಗಳಲ್ಲಿ ಹುಟ್ಟಿದ್ದ ‘ಪ್ರಬುದ್ಧ ಭಾರತ’ವೆಂಬ ಇಂಗ್ಲಿಷ್ ಮಾಸಪತ್ರಿಕೆಯು, ಅದರ ತರುಣ ಸಂಪಾದಕರಾದ ರಾಜಂ ಅಯ್ಯರ್ 1898ರ ಮೇ ತಿಂಗಳಲ್ಲಿ ತೀರಿಕೊಂಡುದರಿಂದ ನಿಂತುಹೋಗಿತ್ತು. ಅದನ್ನು ಅಲ್ಮೋರದಿಂದ ಮತ್ತೆ ಹೊರಡಿಸಬೇಕೆಂದು ಸ್ವಾಮಿಗಳು ಬಯಸಿದಾಗ ಅದರ ವೆಚ್ಚವನ್ನು ಸೇವಿಯರರು ವಹಿಸಿಕೊಂಡರು. ಕೈಯಿಂದ ನಡೆಸುವ ಅಚ್ಚಿನ ಯಂತ್ರ, ಅಚ್ಚುಮೊಳೆ, ಕಾಗದ, ಮಸಿ ಎಲ್ಲವೂ ಕಲ್ಕತ್ತೆಯಿಂದ ಬೆಟ್ಟವೇರಿ ಬಂದುವು. ಆಗಸ್ಟ್ ತಿಂಗಳಲ್ಲಿ ಪತ್ರಿಕೆ ಮರುಹುಟ್ಟು ಪಡೆಯಿತು. ಸಂಪಾದಕರು ಮಗನ ವಯಸ್ಸಿನ ಸನ್ಯಾಸಿ ಸ್ವಾಮಿ ಸ್ವರೂಪಾನಂದರು. ವ್ಯವಸ್ಥಾಪಕರು ಕ್ಯಾಪ್ಟನ್ ಸೇವಿಯರರು. ಬಿಳಿಯ ದೊರೆಯ ಮುಂದೆ ಊರೇ ತಲೆಬಾಗುತ್ತಿದ್ದ ಆ ದಿನಗಳಲ್ಲಿ, ದೊರೆಯೊಬ್ಬ ಬಂಗಾಳದ ತರುಣ ಸನ್ಯಾಸಿಯ ಪತ್ರಿಕೆಗೆ ಲೆಕ್ಕ ಬರೆಯಲು ಕುಳಿತನೆಂಬುದು ಸಣ್ಣ ಮಾತಲ್ಲ. ಇದರ ಸುದ್ದಿ ಡಂಗುರವಾಗಲಿಲ್ಲ. ಆಗಲೆಂದು ಅವರು ಬಯಸಲೂ ಇಲ್ಲ.

ಆಶ್ರಮಕ್ಕೆ ತಕ್ಕ ನೆಲವು ಲೋಹಾಘಾಟದಿಂದ ಸುಮಾರು 9 ಕಿಲೋಮೀಟರು ದೂರದ ಮಾಯಾವತಿಯಲ್ಲಿ ದೊರೆಯಿತು. ಸಮುದ್ರಮಟ್ಟದಿಂದ ಸುಮಾರು 6,400 ಅಡಿ ಎತ್ತರ. ಹಿಂದೆ ಚಹದ ತೋಟವಾಗಿದ್ದ ಜಾಗ. ಸುತ್ತಲೂ ದೇವದಾರುವಿನ ಕಾಡು. ಉತ್ತರಕ್ಕೆ ಹಿಮಶಿಖರಗಳ ಸಾಲು. 1899ರ ಮಾರ್ಚ್ 19ರಂದು ಅದ್ವೈತಾಶ್ರಮ ಅಲ್ಲಿ ನೆಲೆಗೊಂಡಿತು. ಇಂದು ಆ ಸ್ಥಳ ಉತ್ತರಾಖಂಡದ ಚಂಪಾವತ ಜಿಲ್ಲೆಯಲ್ಲಿದೆ.

ಈ ಆಶ್ರಮಕ್ಕೆ ಒಂದು ವಿಶೇಷ ನಿಯಮವಿತ್ತು. ಅಲ್ಲಿ ವಿಗ್ರಹವಿಲ್ಲ, ಗಂಟೆಯಿಲ್ಲ, ಆರತಿಯಿಲ್ಲ, ನೈವೇದ್ಯವಿಲ್ಲ. ನಡುವೆ ಕೆಲಕಾಲ ಪೂಜೆಯ ಕೊಠಡಿಯೊಂದು ತಲೆಯೆತ್ತಿತಾದರೂ ಅದು ನಿಲ್ಲಲಿಲ್ಲ. ಹೊರಗಿನ ಪೂಜೆಯೇ ಇಲ್ಲದೆಡೆಯಲ್ಲಿ ಭಕ್ತರ ದಿನ ಹೇಗೆ ಸಾಗಬೇಕು? ಧ್ಯಾನ, ಅಧ್ಯಯನಗಳು ಸರಿಯೇ. ಆದರೆ ದಿನದ ಬಹುಪಾಲು ಹೊತ್ತನ್ನು ತುಂಬುವುದು ಕೆಲಸ. ತಿಂಗಳಿಗೊಮ್ಮೆ ಪತ್ರಿಕೆ ಹೊರಡಬೇಕಾದರೆ ಮೊಳೆಗಳನ್ನು ಒಂದೊಂದಾಗಿ ಜೋಡಿಸಬೇಕು, ಕರಡನ್ನು ತಿದ್ದಬೇಕು, ಹಾಳೆಗಳನ್ನು ಮಡಿಸಿ ಹೊಲಿಯಬೇಕು, ಚಂದಾದಾರರ ವಿಳಾಸ ಬರೆದು ಅಂಚೆಗೆ ಸೇರಿಸಬೇಕು. ಅಕ್ಕಿಬೇಳೆಯಿಂದ ಮೊದಲುಗೊಂಡು ಕಾಗದದವರೆಗೆ ಪ್ರತಿಯೊಂದೂ ಕುದುರೆಯ ಮೇಲೋ ಆಳಿನ ಬೆನ್ನ ಮೇಲೋ ಬರಬೇಕು. ಹಿಮ ಬೀಳುವ ಮುನ್ನ ಸೌದೆ ಕೂಡಿಡಬೇಕು, ಮಾಡು ಸರಿಪಡಿಸಬೇಕು. ಬ್ರಹ್ಮಜ್ಞಾನದ ಮಾತನ್ನು ಲೋಕಕ್ಕೆ ಸಾರುವ ಮನೆಯಲ್ಲಿಯೂ ಕಂಬಳಿಗೆ ತೇಪೆ ಹಾಕುವವರು ಯಾರಾದರೂ ಬೇಕಷ್ಟೆ. ತರುಣ ಸನ್ಯಾಸಿಗಳಿಗೆ ತಂದೆತಾಯಿಗಳಂತಿದ್ದು, ಈ ಮನೆಯನ್ನು ಮನೆಯಾಗಿ ನಿಲ್ಲಿಸಿದವರು ಆ ಇಬ್ಬರು ಹಿರಿಯರು.

ಆದರೆ ಜೊತೆಯಾಗಿ ಕೈಕೊಂಡ ವ್ರತಕ್ಕೆ ಬೇಗನೆ ಪರೀಕ್ಷೆ ಬಂದಿತು. ಆಶ್ರಮ ಹುಟ್ಟಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. 1900ರ ಅಕ್ಟೋಬರ್ 28ರಂದು ಕ್ಯಾಪ್ಟನ್ ಸೇವಿಯರರು ಮಾಯಾವತಿಯಲ್ಲಿಯೇ ಕಣ್ಣುಮುಚ್ಚಿದರು. ಹೂಮಾಲೆಗಳನ್ನು ಹೊದಿಸಿದ ದೇಹವನ್ನು ಬ್ರಾಹ್ಮಣರು ಹೊತ್ತರು. ಹುಡುಗರು ವೇದ ಹೇಳಿದರು. ಬೆಟ್ಟದ ಕೆಳಗೆ ಹರಿಯುವ ಹೊಳೆಯ ದಡದಲ್ಲಿ ಹಿಂದೂ ವಿಧಿಯಂತೆ ದಹನವಾಯಿತು. ಮ್ಲೇಚ್ಛನೆಂದು ದೂರವಿಡಬಹುದಾಗಿದ್ದವನಿಗೆ ಆ ಮಲೆಯ ಜನ ಹೆಗಲು ಕೊಟ್ಟರು. ಅಂದು ಕಾಡು ಎರಡು ಅರ್ಥದಲ್ಲಿಯೂ ಆತನನ್ನು ಬಾ ಎಂದಿತು.

ಸ್ವಾಮಿ ವಿವೇಕಾನಂದರು ಆಗ ಪಶ್ಚಿಮದೇಶಗಳಿಂದ ಹಿಂದಿರುಗುತ್ತಿದ್ದರು. ಡಿಸೆಂಬರಿನಲ್ಲಿ ಬೇಲೂರು ಮಠವನ್ನು ಸೇರಿ ಈ ಸುದ್ದಿ ತಿಳಿದೊಡನೆ, ತಮ್ಮ ದೇಹಸ್ಥಿತಿಯನ್ನೂ ಲೆಕ್ಕಿಸದೆ ಆ ತಾಯಿಯನ್ನು ಸಂತೈಸಲು ಹೊರಟರು. ಕಾಠಗೋದಾಮಿನಿಂದ ಹಿಮ ಬಿದ್ದ ಮಲೆದಾರಿಯಲ್ಲಿ ದಿನಗಟ್ಟಲೆ ನಡೆದ ಪ್ರಯಾಣ ಅದು. 1901ರ ಜನವರಿ 3ರಂದು ಮಾಯಾವತಿಗೆ ಬಂದು 18ರವರೆಗೆ ಅಲ್ಲಿದ್ದರು. ಆ ದಿನಗಳ ಒಂದು ಸಂಗತಿ ಉಳಿದುಬಂದಿದೆ. ಒಂದು ದಿನ ಊಟ ಬಹಳ ತಡವಾಯಿತೆಂದು ಸ್ವಾಮಿಗಳು ಮುನಿದರು. ಅಡುಗೆಮನೆಗೆ ಹೋಗಿ ನೋಡಿದರೆ ಸ್ವಾಮಿ ವಿರಜಾನಂದರು ದಟ್ಟವಾದ ಹೊಗೆಯ ನಡುವೆ ಕುಳಿತು ಒಲೆ ಊದುತ್ತಿದ್ದರು. ಸ್ವಾಮಿಗಳು ಮಾತಾಡದೆ ಹಿಂದಿರುಗಿದರು. ತರುವಾಯ ಎಲೆಯ ಮುಂದೆ ಮಗುವಿನಂತೆ ಹಟಮಾಡಿ, ಎರಡು ತುತ್ತು ಉಂಡ ಮೇಲೆ ಕೋಪಕ್ಕೆ ಕಾರಣ ಹಸಿವೇ ಎಂದು ತಾವೇ ಒಪ್ಪಿಕೊಂಡರಂತೆ. ಹೊಸದಾಗಿ ವೈಧವ್ಯ ಒದಗಿದ ಆಕೆಗೆ ಆ ಚಳಿಗಾಲದಲ್ಲಿ ದೊರೆತ ಸಾಂತ್ವನವೆಂದರೆ, ಮುನಿಯುವ, ಹಸಿಯುವ, ನಗುವ ಜನರಿಂದ ಮನೆ ಮತ್ತೆ ತುಂಬಿದುದೇ.

ಇನ್ನು ಆಕೆ ಇಂಗ್ಲೆಂಡಿಗೆ ಮರಳಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಹೊರಟುಹೋಗಲು ಮತ್ತೆ ಮತ್ತೆ ಕಾರಣಗಳೂ ಒದಗಿದುವು. 1902ರ ಜುಲೈ 4ರಂದು ವಿವೇಕಾನಂದರು ದೇಹಬಿಟ್ಟರು. 1906ರಲ್ಲಿ ಸ್ವರೂಪಾನಂದರೂ ತೀರಿಕೊಂಡರು. ಕನಸು ಕಂಡವರು, ಹಣ ತೊಡಗಿಸಿದವರು, ಭಾರ ಹೊತ್ತವರು, ಮೂವರೂ ಹೋದರು, ಉಳಿದವಳು ತಾಯಿ. ಆಕೆ ಹೊರಡಲಿಲ್ಲ. 1903ರಲ್ಲಿ ಅಲ್ಲಿ ಧರ್ಮಾರ್ಥವಾದ ಔಷಧಾಲಯ ತೆರೆಯಿತು. ಮೈಲಿಗಟ್ಟಲೆ ವೈದ್ಯರಿಲ್ಲದ ಆ ಮಲೆಯ ಬಡವರಿಗೆ ಅದೇ ಆಸರೆಯಾಯಿತು. 1907ರಿಂದ ವಿವೇಕಾನಂದರ ಸಮಗ್ರ ಕೃತಿಗಳ ಸಂಪುಟಗಳು ಮಾಯಾವತಿಯಿಂದ ಹೊರಬರತೊಡಗಿದುವು. ಮುಂದೆ ಅವರ ದೊಡ್ಡ ಜೀವನಚರಿತ್ರೆಯೂ ಅಲ್ಲಿಂದಲೇ ಬಂದಿತು. ಇಂದು ಸ್ವಾಮಿಗಳ ನುಡಿಗಳನ್ನು ಕನ್ನಡದಲ್ಲಿ ಓದುವವರು ಆ ಸಂಪುಟಗಳ ಋಣದಲ್ಲಿದ್ದಾರೆ. ಅಂದರೆ, ಆ ಬೆಟ್ಟದ ಮನೆಯ ಹೊಗೆ, ಹಿಮ, ತೇಪೆಗಳ ಋಣದಲ್ಲಿದ್ದಾರೆ.

ಚಳಿಗಾಲದ ತಿಂಗಳುಗಳಲ್ಲಿ ಹಿಮದ ನಡುವೆ ಬೇಸರವಾಗುವುದಿಲ್ಲವೇ ಎಂದು ಜೋಸೆಫೈನ್ ಮ್ಯಾಕ್ಲಿಯಾಡ್ ಎಂಬ ಗೆಳತಿ ಒಮ್ಮೆ ಕೇಳಿದಳಂತೆ. ತಾನು ಸ್ವಾಮಿಗಳನ್ನು ನೆನೆಯುತ್ತಿರುವೆನೆಂಬುದೇ ಆಕೆಯ ಉತ್ತರ. ಈ ಉತ್ತರದಲ್ಲಿ ಬೇಸರವಿಲ್ಲವೆಂಬ ಜಂಬವಿಲ್ಲ. ಬೇಸರದೊಡನೆ ಬಾಳಲು ಕಲಿತ ದಾರಿಯಿದೆ.

1916ರಲ್ಲಿ, ದೇಹಶಕ್ತಿ ಕುಂದಿದ ಮೇಲೆ, ಆಕೆ ಇಂಗ್ಲೆಂಡಿಗೆ ಹಿಂದಿರುಗಿದಳು. 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಗಂಡನ ಬೂದಿ ಒಂದು ನಾಡಿನ ಹೊಳೆಯಲ್ಲಿ, ಹೆಂಡತಿಯ ಸಾವು ಇನ್ನೊಂದು ನಾಡಿನ ಮಣ್ಣಿನಲ್ಲಿ. ಆದರೂ ಅವರು ಕೂಡಿ ಕಟ್ಟಿದ ಮನೆ ಒಡೆಯಲಿಲ್ಲ. ಪತ್ರಿಕೆ ಇಂದಿಗೂ ತಿಂಗಳು ತಿಂಗಳು ಹೊರಡುತ್ತಿದೆ. ಔಷಧಾಲಯ ಆಸ್ಪತ್ರೆಯಾಗಿ ಬೆಳೆದಿದೆ.

ಧರ್ಮಕಾರ್ಯವೆಂದೊಡನೆ ವೇದಿಕೆಯೂ ವಾಗ್ಮಿಯೂ ಕಣ್ಣಿಗೆ ಬರುವುದು ಸಹಜ. ಆದರೆ ವಾಗ್ಮಿಯ ಮಾತು ಮುಗಿದ ಮೇಲೆ ಅದನ್ನು ಕಾಯುವ ಕೈಗಳು ಬೇಕು. ಅವಸರವಿಲ್ಲದ, ಹೆಸರಿನ ಹಂಬಲ ಕಳೆದ, ಒಲೆಯನ್ನೂ ಲೆಕ್ಕವನ್ನೂ ಕೀಳೆಂದೆಣಿಸದ ಕೈಗಳು. ಅಂಥ ಕೈಗಳು ಬಹುಮಟ್ಟಿಗೆ ವಯಸ್ಸಾದವರವೇ ಆಗಿರುತ್ತವೆ. ಊರು ಹೋಗು ಎಂದ ಹೊತ್ತಿನಲ್ಲಿ ಬಾ ಎಂದು ಕರೆಯುವ ಕೆಲಸವೊಂದು ಎಲ್ಲಿಯೋ ಕಾದಿರುವುದುಂಟು. ಸೇವಿಯರ್ ದಂಪತಿಗಳಿಗೆ ಆ ಕರೆ ಕೇಳಿಸಿತು. ಇಬ್ಬರೂ ಎದ್ದು ಹೊರಟರು.