ತಿರುಳು ಎರಡು, ಮನೆ ಒಂದು

ಹೊಸದು ಬಂದಿತೆಂದು ಹಳೆಯದನ್ನು ಅಂದೇ ಹೊರಗೆಸೆಯುವವನು ಅವಿವೇಕಿ. ಹಳೆಯದು ಹೇಗೋ ನಡೆಯುತ್ತಿದೆಯೆಂದು ಹೊಸದರತ್ತ ತಿರುಗಿಯೂ ನೋಡದವನು ಆಲಸಿ. ಈ ಎರಡರ ನಡುವಣ ವಿವೇಕವನ್ನು ದೊಡ್ಡ ಪ್ರಸಂಗಗಳಿಂದಲೇ ಕಲಿಯಬೇಕೆಂದಿಲ್ಲ. ಗಣಕಯಂತ್ರವೊಂದು ನಿದ್ರೆಯಿಂದ ಎಚ್ಚರಗೊಳ್ಳುವ ಮೊದಲ ಕೆಲವು ಕ್ಷಣಗಳಲ್ಲಿಯೂ ಅದು ಕಾಣಸಿಗುತ್ತದೆ.

2024ರ ಸೆಪ್ಟೆಂಬರ್ ತಿಂಗಳು. ಧಾರವಾಡದ ನಿವೃತ್ತ ಶಿಕ್ಷಕಿಯೊಬ್ಬರ ಮನೆಯಲ್ಲಿ ನಡೆದ ಸಂಗತಿಯಿದು. ತಮ್ಮ ತಾಯಿ ಹಾಡುತ್ತಿದ್ದ ಬೀಸುವ ಪದಗಳನ್ನು ಅವರು ಹರೆಯದಲ್ಲಿಯೇ ನಾಲ್ಕು ನೋಟುಬುಕ್ಕುಗಳಲ್ಲಿ ಬರೆದಿಟ್ಟುಕೊಂಡಿದ್ದರು. ಕಾಗದ ಮುಟ್ಟಿದರೆ ಮುರಿಯುವಂತಾದಾಗ, ಲಿನಕ್ಸ್ ಇದ್ದ ತಮ್ಮ ಗಣಕಯಂತ್ರದಲ್ಲಿ ಅವುಗಳನ್ನು ಒಂದೊಂದಾಗಿ ಟಂಕಿಸತೊಡಗಿದರು. ಹನ್ನೊಂದು ತಿಂಗಳ ಶ್ರಮವದು. ನಡುವೆ ಮಳೆಗಾಲದಲ್ಲಿ ಮೂರನೆಯ ಪುಸ್ತಕ ಗೆದ್ದಲಿನ ಪಾಲಾಯಿತು. ಅದರೊಳಗಿದ್ದ ಹಾಡುಗಳು ಇನ್ನು ಆ ಯಂತ್ರದಲ್ಲಿ ಮಾತ್ರ ಉಳಿದಿದ್ದವು. ಬೇರೊಂದು ಪ್ರತಿ ತೆಗೆದಿರಿಸುವ ಯೋಚನೆ ಅವರಿಗೆ ಬಂದಿರಲಿಲ್ಲ.

ಒಂದು ರಾತ್ರಿ ಯಂತ್ರವು ತನ್ನ ತಂತ್ರಾಂಶಗಳನ್ನು ತಾನೇ ನವೀಕರಿಸಿಕೊಂಡಿತು. ಮುಂಜಾನೆ ಗುಂಡಿ ಒತ್ತಿದರೆ ಪರದೆ ಕಪ್ಪಾಗಿಯೇ ಉಳಿಯಿತು. ಮೂರು ಬಾರಿ ಆರಿಸಿ ಹೊತ್ತಿಸಿದರೂ ಅದೇ ಕತ್ತಲೆ. ರಿಪೇರಿ ಅಂಗಡಿಯವನಿಗೆ ಫೋನ್ ಮಾಡಿದಾಗ ಆತ ಕ್ಷಣವೂ ಯೋಚಿಸದೆ, “ಸಿಸ್ಟಮ್ ಹೋಗೇತ್ರಿ ಅಕ್ಕಾರ, ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕ್ರಿ” ಎಂದುಬಿಟ್ಟ. ಯಂತ್ರವನ್ನು ಚೀಲಕ್ಕೆ ಹಾಕಿಯೂ ಆಗಿತ್ತು. ಹೊರಡುವ ಮುನ್ನ ಪುಣೆಯಲ್ಲಿರುವ ತಂಗಿಯ ಮಗನಿಗೆ ಒಂದು ಮಾತು ತಿಳಿಸೋಣವೆಂದು ಕರೆ ಮಾಡಿದರು.

“ದೊಡ್ಡವ್ವ, ಅಂಗಡಿಗೆ ಕೊಡಬ್ಯಾಡ್ರಿ. ನಿಮ್ಮ ಹಾಡು ಎಲ್ಲೂ ಹೋಗಿಲ್ಲ. ಹಳೇ ಕರ್ನೆಲ್ ಇನ್ನೂ ಒಳಗ ಐತಿ, ಅದನ್ನ ಎಬ್ಬಿಸೋಣು” ಎಂದು ಆತ ಹೇಳಿದ.

ಈ ಮಾತಿನ ಅರ್ಥವನ್ನು ವಿಚಾರಿಸಬೇಕು. ಕರ್ನೆಲ್ ಎಂದರೆ ತಿರುಳು. ಪ್ರೊಸೆಸರ್, ಸ್ಮೃತಿ, ಡಿಸ್ಕ್, ಪರದೆ, ಕೀಲಿಮಣೆ ಇವೆಲ್ಲವನ್ನೂ ಹದ್ದುಬಸ್ತಿನಲ್ಲಿಟ್ಟು, ಉಳಿದ ತಂತ್ರಾಂಶಗಳಿಗೆ ಅವುಗಳ ಸೇವೆಯನ್ನು ಹಂಚಿಕೊಡುವುದು ಅದರ ಕೆಲಸ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರೆದು ಹೊರತಂದದ್ದು ಈ ತಿರುಳನ್ನೇ. ಜನ ಬರೆದಿಟ್ಟ ಕಡತಗಳು ತಿರುಳಿನೊಳಗೆ ಇರುವುದಿಲ್ಲ. ಅವು ಡಿಸ್ಕಿನಲ್ಲಿ ತಮ್ಮದೇ ಸ್ಥಳದಲ್ಲಿರುತ್ತವೆ. ಯಾವ ತಿರುಳು ಎದ್ದರೂ ಮನೆ ಅದೇ, ಮನೆಯೊಳಗಿನ ಒಡವೆಯೂ ಅದೇ. ತಿರುಳು ಏಳಲಿಲ್ಲವೆಂದು ಡಿಸ್ಕನ್ನು ಒರೆಸುವುದೆಂದರೆ, ಬಾಗಿಲು ತೆರೆಯಲಿಲ್ಲವೆಂದು ಮನೆಯನ್ನೇ ಕೆಡವಿದಂತೆ.

ಹೊಸ ತಿರುಳು ಬಂದಾಗ ಲಿನಕ್ಸ್ ಹಳೆಯದನ್ನು ಕೂಡಲೇ ಅಳಿಸುವುದಿಲ್ಲ. ಎರಡೂ ಒಂದರ ಪಕ್ಕದಲ್ಲೊಂದು ಇರುತ್ತವೆ. ಫೆಡೋರಾದಲ್ಲಿ ಮೂರನ್ನು ಉಳಿಸಿಕೊಳ್ಳುವುದು ರೂಢಿ. ಯಾವುದನ್ನು ಎಬ್ಬಿಸಬೇಕೆಂದು ಕೇಳುವ ದ್ವಾರಪಾಲಕನ ಹೆಸರು ಗ್ರಬ್. 1995ರಲ್ಲಿ ಎರಿಕ್ ಬೊಲೆಯ್ನ್ ಇದನ್ನು ಆರಂಭಿಸಿದರು. ಆ ಕಾಲದಲ್ಲಿ ಬಳಕೆಯಲ್ಲಿದ್ದ ಲೈಲೊ ಎಂಬುದು, ತಿರುಳು ಡಿಸ್ಕಿನ ಯಾವ ಯಾವ ಜಾಗದಲ್ಲಿದೆಯೆಂಬುದನ್ನು ಬಾಯಿಪಾಠ ಮಾಡಿಕೊಂಡಿರುತ್ತಿತ್ತು. ಹೊಸ ತಿರುಳನ್ನು ತಂದಿಟ್ಟು ಲೈಲೊಗೆ ಮತ್ತೆ ಪಾಠ ಹೇಳಲು ಮರೆತರೆ ಯಂತ್ರ ಏಳುತ್ತಿರಲಿಲ್ಲ. ಗ್ರಬ್ ಹಾಗಲ್ಲ. ಅದು ಕಡತವ್ಯವಸ್ಥೆಯನ್ನು ತಾನೇ ಓದಬಲ್ಲದು. ಬಾಯಿಪಾಠಕ್ಕೂ ಅರಿವಿಗೂ ಇರುವ ಅಂತರ ಇಲ್ಲಿಯೂ ಉಂಟು.

ಒಂದೇ ಕಾರ್ಯವ್ಯವಸ್ಥೆ ಇರುವ ಯಂತ್ರಗಳಲ್ಲಿ ಗ್ರಬ್ಬಿನ ಪಟ್ಟಿ ಸಾಮಾನ್ಯವಾಗಿ ಮರೆಯಾಗಿರುತ್ತದೆ. ಯಂತ್ರ ಹೊತ್ತಿದೊಡನೆ ಹಳೆಯ ಬಯೋಸ್ ಇದ್ದಲ್ಲಿ ಶಿಫ್ಟ್ ಕೀಲಿಯನ್ನು ಹಿಡಿದಿರಬೇಕು, ಈಚಿನ ಯುಇಎಫ್ಐ ಇದ್ದಲ್ಲಿ ಎಸ್ಕೇಪ್ ಕೀಲಿಯನ್ನು ಒತ್ತಬೇಕು. ಪಟ್ಟಿಯ ಮೊದಲ ಸಾಲು, ಯಾರೂ ಏನೂ ಹೇಳದಿದ್ದರೆ ತಾನಾಗಿ ಏಳುವ ಹೊಸ ತಿರುಳಿನದು. ಅದರ ಕೆಳಗೆ ಅಡ್ವಾನ್ಸ್ಡ್ ಆಪ್ಷನ್ಸ್ ಎಂಬ ಸಾಲು. ಅದನ್ನು ತೆರೆದರೆ ಇರುವ ತಿರುಳುಗಳೆಲ್ಲ ಸಂಖ್ಯೆಗಳೊಡನೆ ಕಾಣುತ್ತವೆ. ಪ್ರತಿಯೊಂದಕ್ಕೂ ಜೊತೆಯಾಗಿ ರಿಕವರಿ ಮೋಡ್ ಎಂಬ ಇನ್ನೊಂದು ಸಾಲು. ಅದು ಸಂಕಟಕಾಲದಲ್ಲಿ ಅತ್ಯಗತ್ಯವಾದಷ್ಟನ್ನೇ ಎಬ್ಬಿಸುವ ದಾರಿ. ಯಾವುದೇ ಸಾಲಿನ ಮೇಲೆ ನಿಂತು ‘ಇ’ ಕೀಲಿ ಒತ್ತಿ ಅದನ್ನು ತಿದ್ದಲೂಬಹುದು. ಆ ತಿದ್ದುಪಡಿ ಅಂದಿನ ಏಳುವಿಕೆಗೆ ಮಾತ್ರ ಸಲ್ಲುತ್ತದೆ, ಮರುದಿನಕ್ಕೆ ಉಳಿಯುವುದಿಲ್ಲ.

ಶಿಕ್ಷಕಿಯ ಬೆರಳು ನಡುಗುತ್ತಿತ್ತು. ಮೊದಲ ಯತ್ನದಲ್ಲಿ ಸಮಯ ತಪ್ಪಿತು. ಎರಡನೆಯದರಲ್ಲಿ ಪಟ್ಟಿ ಮೂಡಿತು. “6.8 ಅಂತ ಒಂದೈತಿ, 6.5 ಅಂತ ಒಂದೈತಿ, ತಮ್ಮಾ” ಎಂದು ಓದಿದರು. “6.5 ಆರಿಸ್ರಿ, ದೊಡ್ಡವ್ವ.” ಅಕ್ಷರಗಳು ಹರಿದುಹೋದವು, ಪರದೆ ಬೆಳಗಿತು. ಮೂರನೆಯ ಪುಸ್ತಕದ ಕಡತ ತೆರೆದುಕೊಂಡಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಕಾರಣ ಸರಳವಾಗಿತ್ತು. ಪರದೆಯನ್ನು ನಡೆಸುವ ಡ್ರೈವರನ್ನು ಹಿಂದೆ ಯಾರೋ ಕೈಯಾರೆ ಹಳೆಯ ತಿರುಳಿಗಷ್ಟೇ ಹೊಂದಿಸಿ ಹೋಗಿದ್ದರು. ಇಂಥ ಹೊರಗಿನ ಡ್ರೈವರುಗಳನ್ನು ಪ್ರತಿ ಹೊಸ ತಿರುಳಿಗೂ ಹೊಸದಾಗಿ ಕಟ್ಟಬೇಕು. ಹೊಸ ತಿರುಳು ಬಂದಾಗ ಆ ಕೆಲಸ ಆಗಿರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ, ಜೊತೆ ಮಾತ್ರ ತಪ್ಪಿತ್ತು.

ಆ ಹುಡುಗ ಮೊದಲು ಮಾಡಿಸಿದ್ದು ಡ್ರೈವರಿನ ದುರಸ್ತಿಯನ್ನಲ್ಲ. ಹಾಡುಗಳೆಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಸಿದ. ಮುಂದಿನ ನಾಲ್ಕು ದಿನ ಶಿಕ್ಷಕಿ ಪ್ರತಿ ಮುಂಜಾನೆ ಎಸ್ಕೇಪ್ ಒತ್ತಿ ಹಳೆಯದನ್ನೇ ಆರಿಸಿದರು. ಪಟ್ಟಿಯಲ್ಲಿ ಮಾಡಿದ ಆಯ್ಕೆ ಆ ಒಂದು ಬಾರಿಗಷ್ಟೆ. ಹಿಂದಿನ ಆಯ್ಕೆಯನ್ನು ನೆನಪಿಡೆಂದು ಗ್ರಬ್ಬಿಗೆ ಬೇರೆಯಾಗಿ ಹೇಳಿರದಿದ್ದರೆ ಅದು ಮತ್ತೆ ಮೊದಲ ಸಾಲಿಗೇ ಹೋಗುತ್ತದೆ. “ಇದನ್ನ ಕಾಯಂ ಮಾಡಿಬಿಡು, ಹೊಸದರ ಗೊಡವಿ ಬ್ಯಾಡ” ಎಂದು ಅವರು ಕೇಳಿದ್ದುಂಟು. ಹುಡುಗ ಒಪ್ಪಲಿಲ್ಲ. ಹಳೆಯ ತಿರುಳಿನಲ್ಲಿ ಪತ್ತೆಯಾದ ಭದ್ರತೆಯ ದೋಷಗಳಿಗೆ ಪರಿಹಾರ ಬರುವುದು ಹೊಸದರಲ್ಲಿ. ಹಳೆಯದು ಆಪತ್ತಿನ ಆಸರೆ, ಖಾಯಂ ನೆಲೆಯಲ್ಲ. ಐದನೆಯ ದಿನ ಡ್ರೈವರನ್ನು ಸರಿಯಾದ ಕ್ರಮದಲ್ಲಿ ಹೊಂದಿಸಿದ ಮೇಲೆ 6.8 ನಿರಾತಂಕವಾಗಿ ಎದ್ದಿತು. 6.5 ಪಟ್ಟಿಯಲ್ಲಿ ಹಾಗೆಯೇ ಉಳಿಯಿತು.

ಹೊಸದು ತನ್ನನ್ನು ತಾನು ತೋರಿಸಿಕೊಡುವವರೆಗೆ ಹಳೆಯದಕ್ಕೆ ಮನೆಯಲ್ಲಿ ಜಾಗವಿರಲಿ. ಕತ್ತಲೆ ಕವಿದಾಗ ಎಲ್ಲವನ್ನೂ ಅಳಿಸುವ ಮಾತಿಗೆ ಕಿವಿಗೊಡುವ ಮೊದಲು, ಮರೆಯಲ್ಲಿರುವ ಪಟ್ಟಿಯನ್ನು ಒಮ್ಮೆ ತೆರೆದು ನೋಡಬೇಕು. ಎದ್ದ ಬಳಿಕ ಒಡವೆಯ ಇನ್ನೊಂದು ಪ್ರತಿಯನ್ನು ಬೇರೆಡೆ ಇರಿಸಬೇಕು. ಆ ಶಿಕ್ಷಕಿ ಈಗ ನಾಲ್ಕನೆಯ ಪುಸ್ತಕವನ್ನೂ ಮುಗಿಸಿದ್ದಾರೆ. ಪ್ರತಿ ಸಂಜೆ ಯಂತ್ರವನ್ನು ಆರಿಸುವ ಮುನ್ನ, ಪೆನ್‌ಡ್ರೈವಿಗೆ ಅಂದಿನ ಹಾಡನ್ನು ಇಳಿಸುವುದನ್ನು ಅವರು ಮರೆಯುವುದಿಲ್ಲ.