ನಗಿಸೋರು ಬೇಕಾಗಿದ್ದಾರೆ

ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದಲ್ಲಿ ಎಲ್ಲರೂ ಒಂದೇ ಮಾತಿಗೆ ಕೈಯೆತ್ತಿದ್ದನ್ನು ನನ್ನ ಐದು ವರ್ಷದ ಕಾರ್ಯದರ್ಶಿಗಿರಿಯಲ್ಲಿ ಎರಡೇ ಸಲ ಕಂಡಿದ್ದೇನೆ. ಬೀದಿನಾಯಿಗಳ ವಿಷಯಕ್ಕೆ ಅರ್ಜಿ ಬರೆದಾಗ ಒಮ್ಮೆ. ಈ ಸಲದ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಬೇಡ, ಹಾಸ್ಯ ಇರಲಿ ಎಂದಾಗ ಇನ್ನೊಮ್ಮೆ. ಒಂದೇ ನಿಮಿಷದಲ್ಲಿ ತೀರ್ಮಾನ ಆಗಿಹೋಯಿತು. "ಸರಿ, ಯಾರ ಹಾಸ್ಯ?" ಎಂದು ನಾನು ಕೇಳಿದ್ದೇ ತಪ್ಪು. ಮುಂದಿನ ಎರಡು ಗಂಟೆ, ಎರಡು ಸುತ್ತು ಕಾಫಿ, ಒಂದು ಡಬ್ಬಿ ಕೋಡುಬಳೆ ಆ ಪ್ರಶ್ನೆಗೇ ಖರ್ಚಾದವು.

ರಾಜ್ಯೋತ್ಸವ ಎಂದರೆ ನವೆಂಬರ್ 1 ಎಂದುಕೊಳ್ಳಬೇಡಿ. ಆ ತಿಂಗಳಿಡೀ ಮೈಸೂರಿನ ಶಾಮಿಯಾನದವರಿಗೆ ಪುರುಸೊತ್ತಿರುವುದಿಲ್ಲ. ನಮ್ಮ ಬೀದಿಗೆ ಕನ್ನಡತಾಯಿ ದಯಮಾಡಿಸುವುದು ಡಿಸೆಂಬರಿನ ಎರಡನೇ ಭಾನುವಾರ, ಸ್ವೆಟರ್ ಹಾಕಿಕೊಂಡು.

ಅಧ್ಯಕ್ಷರು ಮೊದಲ ಹೆಸರು ಹೇಳಿದರು: "ಗಂಗಾವತಿ ಪ್ರಾಣೇಶ್." ಖಜಾಂಚಿ ತಲೆಯೆತ್ತದೆ ಪಾಸ್‌ಬುಕ್ಕಿನ ಹಾಳೆ ತಿರುವಿದರು. ಆ ಸದ್ದೇ ಉತ್ತರ. "ಹಾಗಾದ್ರೆ ಕೃಷ್ಣೇಗೌಡ್ರು? ನಮ್ಮೂರಿನವ್ರೇ, ಬಸ್‌ಚಾರ್ಜೂ ಉಳಿಯುತ್ತೆ" ಎಂದರು ಅಧ್ಯಕ್ಷರು. ದೊಡ್ಡವರ ಸಂಭಾವನೆಯಲ್ಲಿ ಬಸ್‌ಚಾರ್ಜಿನ ಪಾಲೆಷ್ಟು ಎಂದು ಅವರಿಗೆ ತಿಳಿಸಿ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ನಮ್ಮ ಕೈಲಿದ್ದದ್ದು 15,000 ರೂಪಾಯಿ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಯಾರ ಮನೆಯ ಶೋಕೇಸಿನಲ್ಲೂ ಜಾಗವಿಲ್ಲದ ನೆನಪಿನ ಕಾಣಿಕೆ, ಎಲ್ಲವೂ ಅದರೊಳಗೇ ಆಗಬೇಕು.

ಹೆಸರುಗಳು ಕೈತಪ್ಪಿದ ಮೇಲೆ ಜಾತಿಗಳ ವಿಚಾರ ಬಂತು. ಹಾಸ್ಯದ ಜಾತಿಗಳು, ಗಾಬರಿಯಾಗಬೇಡಿ. ನಿವೃತ್ತ ಎಂಜಿನಿಯರೊಬ್ಬರಿಗೆ ಮಿಮಿಕ್ರಿಯೇ ಬೇಕು. ಎರಡನೇ ಕ್ರಾಸಿನ ಸಾಫ್ಟ್‌ವೇರ್ ಹುಡುಗನಿಗೆ ಸ್ಟ್ಯಾಂಡಪ್. ಮಹಿಳಾ ಸಮಾಜದ ಪರವಾಗಿ ಬಂದಿದ್ದವರು ಯಾರು ಬೇಕೆಂದು ಹೇಳಲಿಲ್ಲ. ಯಾರು ಬೇಡ ಎಂಬುದನ್ನು ಮಾತ್ರ ಖಚಿತವಾಗಿ ಹೇಳಿದರು: "ಹೆಂಡತಿ ಜೋಕ್ ಹೇಳೋರು ಬೇಡ."

ಮಿಮಿಕ್ರಿಗೆ ನಾನು ವಿರೋಧಿಯಲ್ಲ. ದಯಾನಂದ್ ಅವರ ಕ್ಯಾಸೆಟ್ಟು ಕೇಳುತ್ತಾ ಬೆಳೆದವನು. ಆದರೆ ಅದು ಸಾಲದ ವ್ಯಾಪಾರ. ಅಸಲು ಕೇಳುಗನ ಕಿವಿಯಲ್ಲಿರಬೇಕು. ರಾಜ್‌ಕುಮಾರ್, ವಜ್ರಮುನಿ ಇಬ್ಬರೂ ಹೋದದ್ದು 2006ರಲ್ಲಿ. ಅವರಿದ್ದಾಗ ಮಿಮಿಕ್ರಿಯವನು ಮೈಕಿನ ಮುಂದೆ ಹುಬ್ಬು ಗಂಟಿಕ್ಕಿದರೆ ಸಾಕಿತ್ತು, ದನಿ ಹೊರಡುವ ಮೊದಲೇ ಶಿಳ್ಳೆ. ಎರಡು ವರ್ಷದ ಹಿಂದೆ ನಮ್ಮ ಗಣೇಶೋತ್ಸವದಲ್ಲಿ ಒಬ್ಬಾತ ವಜ್ರಮುನಿಯ ಗರ್ಜನೆಯನ್ನು ಅದ್ಭುತವಾಗಿ ಮಾಡಿದ. ಹಿಂದಿನ ಸಾಲಿನ ಅಜ್ಜಂದಿರು ಮೈಮರೆತರು. ಮುಂದೆ ಜಮಖಾನದ ಮೇಲೆ ಕೂತಿದ್ದ ಮಕ್ಕಳಲ್ಲಿ ಒಬ್ಬಳು ಎದ್ದು, "ಅಂಕಲ್‌ಗೆ ಗಂಟಲು ನೋವಾ?" ಎಂದು ಅಮ್ಮನನ್ನು ಕೇಳಿದಳು. ಆ ಸಂಜೆಯ ದೊಡ್ಡ ನಗೆ ಅವಳದೇ.

ಸ್ಟ್ಯಾಂಡಪ್ಪಿನ ಹುಡುಗ ತನ್ನ ಮೊಬೈಲಿನಲ್ಲಿ ಲೋಲ್‌ಬಾಗ್ ತಂಡದವರ ವಿಡಿಯೋ ತೋರಿಸಿದ. ಚೆನ್ನಾಗಿತ್ತು. ಬೆಂಗಳೂರಿನ ಕನ್ನಡವನ್ನು ಇಷ್ಟು ಸಲೀಸಾಗಿ ಮಾತಾಡುವವರು ಬೆಂಗಳೂರಿನಲ್ಲೇ ಉಳಿದಿದ್ದಾರಲ್ಲ ಎಂದು ಸಮಾಧಾನವೂ ಆಯಿತು. ನನ್ನ ತಕರಾರು ಕಲೆಯ ಮೇಲಲ್ಲ, ಕತ್ತಲೆಯ ಮೇಲೆ. ಆ ನಗೆ ಹುಟ್ಟುವುದು ಟಿಕೆಟ್ ಕೊಂಡು ಬಂದ ನೂರು ಜನ ಕತ್ತಲಲ್ಲಿ ಒತ್ತೊತ್ತಾಗಿ ಕೂತ ಸಣ್ಣ ಕೋಣೆಯಲ್ಲಿ. ಪಕ್ಕದಲ್ಲಿರುವುದು ಅಪರಿಚಿತ ಮುಖ, ಹಾಗಾಗಿ ಏನಕ್ಕೆ ಬೇಕಾದರೂ ನಗಬಹುದು. ನಮ್ಮ ಶಾಮಿಯಾನದಲ್ಲಿ ಟ್ಯೂಬ್‌ಲೈಟು ಹಗಲಿನಂತೆ ಉರಿಯುತ್ತದೆ. ಒಂದು ಪಕ್ಕ ಮಾವ, ಇನ್ನೊಂದು ಪಕ್ಕ ಮಗಳ ಗಣಿತದ ಟೀಚರ್. ಜೋಕು ಬಂದಾಗ ನಾವು ಮೊದಲು ಅವರ ಮುಖ ನೋಡುತ್ತೇವೆ, ಅವರು ನಮ್ಮದನ್ನು ನೋಡುತ್ತಾರೆ. ಅಷ್ಟರಲ್ಲಿ ಜೋಕು ಮೂರನೇ ಕ್ರಾಸು ದಾಟಿರುತ್ತದೆ.

ಮಹಿಳಾ ಸಮಾಜದವರ ಷರತ್ತಿಗೆ ಅಧ್ಯಕ್ಷರು ಮೆಲ್ಲಗೆ ಆಕ್ಷೇಪಿಸಿದರು: "ಹರಟೆ ಕಾರ್ಯಕ್ರಮದಲ್ಲಿ ಗಂಡ-ಹೆಂಡ್ತಿ ಜೋಕಿಗೆ ನೀವೇ ನಗ್ತಿದ್ರಲ್ಲಮ್ಮ?" ಉದಯ ಟಿವಿಯ 'ಹರಟೆ'ಯ ಮಾತು. ಹಿರೇಮಗಳೂರು ಕಣ್ಣನ್ ನಡುವೆ ಕೂತು ಎರಡೂ ಕಡೆಯವರನ್ನು ಜಗಳಕ್ಕೆ ಬಿಡುತ್ತಿದ್ದ ಕಾರ್ಯಕ್ರಮ. ಆಕೆ ತಡವರಿಸದೆ ಹೇಳಿದರು: "ಅಲ್ಲಿ ಸುಧಾ ಬರಗೂರು ಇರ್ತಿದ್ರು ಸಾರ್. ಒಂದು ಹೇಳಿದ್ರೆ ನಾಲ್ಕು ವಾಪಸ್ ಕೊಡ್ತಿದ್ರು. ನಿಮ್ಮ ಸ್ಟೇಜಿನಲ್ಲಿ ಇರೋದು ಒಂದೇ ಮೈಕು." ಸಭೆಯ ನಡಾವಳಿ ಪುಸ್ತಕದಲ್ಲಿ ನಾನು ಅಕ್ಷರಶಃ ಬರೆದುಕೊಂಡ ವಾಕ್ಯ ಅದೊಂದೇ.

ಸೀಮೆಯ ಪ್ರಶ್ನೆ ಬೇರೆ ಇದೆ. ಉತ್ತರ ಕರ್ನಾಟಕದ ಮಾತು ಮೈಸೂರಿನಲ್ಲಿ ಚೆನ್ನಾಗಿ ಓಡುತ್ತದೆ. ನಮಗೆ ಬೈಗುಳವೂ ಬೆಲ್ಲದಂತೆ ಕೇಳುವುದು ಆ ಕನ್ನಡದಲ್ಲಿ ಮಾತ್ರ. ಆ ದಾರಿ ಕಡಿದವರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ, ಅಂದರೆ ರಾಯಸಂ ಭೀಮಸೇನರಾಯರು, ದೊಡ್ಡವರು. ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ತಿಮ್ಮನನ್ನು ಹುಟ್ಟುಹಾಕಿದರು. ಈಗಿನ ನಗೆ ಭಾಷಣಕಾರರಲ್ಲಿ ಬಹಳ ಮಂದಿ ಇವತ್ತಿಗೂ ಅದೇ ತಿಮ್ಮನ ಋಣದಲ್ಲಿದ್ದಾರೆ. ಆದರೆ ಧಾರವಾಡಕ್ಕೆ ಹೋಗಿ ನೋಡಿ, ಅಲ್ಲಿ ನಗೆಪಾಟಲಾಗುವವರು ನಾವು. ಮನೆಗೆ ಬಂದವರನ್ನು "ಕಾಫಿ ಆಯ್ತಾ?" ಎಂದು ಕೇಳಿಯೇ ಕಳಿಸುವ ಮೈಸೂರಿನವರು. ಜೋಕು ಅದೇ, ಬಸ್ಸು ಹತ್ತಿದ ಊರು ಬೇರೆ.

ಸಭೆ ಮುಗಿಯುವ ಹೊತ್ತಿಗೆ ಒಬ್ಬರು, "ಮಾಸ್ಟರ್ ಹಿರಣ್ಣಯ್ಯನ ಥರದೋರು ಯಾರಾದ್ರೂ ಇದಾರಾ?" ಎಂದರು. ಎಲ್ಲರೂ ನಿಟ್ಟುಸಿರುಬಿಟ್ಟರು. 'ಲಂಚಾವತಾರ'ದ ನಡುವೆ ಆ ದಿನದ ಪೇಪರಿನ ಸುದ್ದಿಯನ್ನೇ ಎಳೆತಂದು ಮಂತ್ರಿಗಳಿಗೆ ಬಡಿಯುತ್ತಿದ್ದವರು. 2019ರಲ್ಲಿ ಅವರು ತೀರಿಕೊಂಡ ಮೇಲೆ ಆ ಕುರ್ಚಿ ಖಾಲಿಯೇ. ಇದ್ದಿದ್ದರೂ ನಾವು ಕರೆಯುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ನಮ್ಮ ಸಮಾರಂಭದ ಮುಖ್ಯ ಅತಿಥಿ ಯಾವಾಗಲೂ ಅಧಿಕಾರದಲ್ಲಿರುವವರು, ಅವರಿಂದ ಒಂದು ಚರಂಡಿ ಆಗಬೇಕಿರುತ್ತದೆ.

ಇಷ್ಟೆಲ್ಲ ಚರ್ಚೆಯಲ್ಲಿ ನಾನು ಹೆಚ್ಚು ಬಾಯಿ ಬಿಡಲಿಲ್ಲ. ಹಾಸ್ಯಗಾರರನ್ನು ಆರಿಸುವ ಕೆಲಸದಲ್ಲಿ ನನಗೊಂದು ಹಳೆಯ ಗಾಯವಿದೆ.

ಭರತನ ನಾಟ್ಯಶಾಸ್ತ್ರದಲ್ಲಿ ನಗೆಗೆ ಆರು ದರ್ಜೆ. ಹಲ್ಲು ಕಾಣದ ಸ್ಮಿತ, ಚೂರು ಕಾಣುವ ಹಸಿತ ಉತ್ತಮರಿಗೆ. ವಿಹಸಿತ, ಉಪಹಸಿತ ಮಧ್ಯಮರಿಗೆ. ಹೆಗಲು ಕುಲುಕಿ ಕಣ್ಣೀರು ಬರುವ ಅಪಹಸಿತ, ಪಕ್ಕೆ ಹಿಡಿದುಕೊಂಡು ಬೊಬ್ಬಿಡುವ ಅತಿಹಸಿತ ಅಧಮರಿಗೆ. (ಈ ಲೆಕ್ಕದಲ್ಲಿ ನಮ್ಮ ಬಡಾವಣೆಯಲ್ಲಿ ಉತ್ತಮರು ಒಬ್ಬರೇ, ಖಜಾಂಚಿ.) ಆ ಆರರಲ್ಲಿ ಸೇರದ ಏಳನೆಯದೊಂದನ್ನು ನಾನು ಬ್ಯಾಂಕಿನಲ್ಲಿದ್ದಾಗ ಕಣ್ಣಾರೆ ಕಂಡೆ.

ನಮ್ಮ ಮ್ಯಾನೇಜರರ ಬೀಳ್ಕೊಡುಗೆ. ವ್ಯವಸ್ಥೆಯೆಲ್ಲ ನನ್ನದು. ಬರೀ ಭಾಷಣ ಬೇಡ ಎಂದು ನಗೆ ಭಾಷಣಕಾರರೊಬ್ಬರನ್ನು ಗೊತ್ತುಮಾಡಿದೆ. ಒಳ್ಳೆಯ ಮನುಷ್ಯ, ಕೊಟ್ಟಷ್ಟು ತೆಗೆದುಕೊಳ್ಳುವವರು, ಮಾತಿನಲ್ಲಿ ಪಳಗಿದವರು. "ನಿವೃತ್ತಿ ಸಮಾರಂಭ ಸಾರ್" ಎಂದೆ. "ಸರಿ, ನಿವೃತ್ತರದೇ ಒಂದು ಗಂಟೆ ಸರಕಿದೆ" ಎಂದರು. ಬಂದರು, ಶುರುಮಾಡಿದರು. ಇಷ್ಟು ದಿನ ಬ್ಯಾಂಕಿನಲ್ಲಿ ಬೈಸಿಕೊಂಡಿರಿ, ನಾಳೆಯಿಂದ ಮನೆಯಲ್ಲಿ, ಅಲ್ಲಿ ಯೂನಿಯನ್ನೂ ಇಲ್ಲ ಎಂದರು. ಹೊಸ ಗುಮಾಸ್ತರು ನಕ್ಕರು. ಬೆಳಗಾಗುತ್ತಲೇ ಅಮ್ಮಾವ್ರು ಚೀಲ ಕೈಗಿಡುತ್ತಾರೆ, ಸೊಪ್ಪು ಬಾಡಿದ್ದರೆ ಮೆಮೋ ಕೊಡುತ್ತಾರೆ ಎಂದರು. ಹಳಬರ ಸಾಲು ಕಲ್ಲಾಯಿತು. ನಮ್ಮ ಮ್ಯಾನೇಜರರ ಹೆಂಡತಿ ತೀರಿಕೊಂಡು ಒಂದು ವರ್ಷವೂ ತುಂಬಿರಲಿಲ್ಲ.

ನಾನು ವೇದಿಕೆಯ ಪಕ್ಕದಲ್ಲಿ ಚೀಟಿ ಬರೆಯಲು ಪೆನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಒಂದು ದೊಡ್ಡ ನಗೆ ಕೇಳಿತು. ಮ್ಯಾನೇಜರರು ನಗುತ್ತಿದ್ದರು. ಮುಂದಿನ ಪ್ರತಿ ಜೋಕಿಗೂ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕರು. ಬಂದ ಅತಿಥಿಗೆ ತಾನು ಏನು ಮಾಡುತ್ತಿದ್ದೇನೆಂದು ತಿಳಿಯಬಾರದು, ಅಷ್ಟೇ ಅವರ ಲೆಕ್ಕ. ಅತಿಥಿಗೆ ಕೊನೆಗೂ ತಿಳಿಯಲಿಲ್ಲ. ಹಾರ ಹಾಕಿಸಿಕೊಂಡು, ಇಂಥ ಸಹೃದಯರನ್ನು ನೋಡಿಲ್ಲ ಎಂದು ಹೊಗಳಿ ಹೊರಟುಹೋದರು. ಅವರದೇನು ತಪ್ಪು? ತಾರೀಕು, ವಿಳಾಸ, ದುಡ್ಡು, ಊಟಕ್ಕೆ ಚಪಾತಿಯೋ ಅನ್ನವೋ, ಎಲ್ಲವನ್ನೂ ಫೋನಿನಲ್ಲಿ ಹೇಳಿದ್ದೆ. ಅದೊಂದನ್ನು ಹೇಳಿರಲಿಲ್ಲ.

ನನ್ನ ಹೆಂಡತಿ ಕುಂದಾಪುರದ ಕಡೆಯವಳು, ಮೇಳದ ಆಟ ನೋಡಿ ಬೆಳೆದವಳು. ಆ ರಾತ್ರಿ ಕತೆ ಕೇಳಿ, ನಿಮಗೆ ಹಾಸ್ಯಗಾರ ಸಿಕ್ಕಿದ, ಆದರೆ ಭಾಗವತರು ಇರಲಿಲ್ಲ ಎಂದಳು. ಯಕ್ಷಗಾನದ ಹಾಸ್ಯಗಾರ ಒಂದು ರಾತ್ರಿಯಲ್ಲಿ ದೂತ, ಪುರೋಹಿತ, ಬಾಗಿಲು ಕಾಯುವವನು ಎಲ್ಲವೂ ಆಗುತ್ತಾನೆ. ನಳ-ದಮಯಂತಿಯ ಬಾಹುಕನ ವೇಷ ಅವನ ಪಾಲಿಗೇ ಬರುವುದು ರೂಢಿ. ಕಾರ್ಕೋಟಕ ಕಚ್ಚಿ ಕುರೂಪಿಯಾದ ನಳ ಅವನು. ಅವನನ್ನು ಕಂಡು ಜನ ನಗಲೂಬೇಕು, ಇವನೇ ನಳನಲ್ಲವೇ ಎಂದು ಹೊಟ್ಟೆಯಲ್ಲಿ ಸಂಕಟವೂ ಆಗಬೇಕು. ಪಾತ್ರಕ್ಕೆ ಬರೆದಿಟ್ಟ ಮಾತಿಲ್ಲ. ಆದರೆ ಹಿಂದೆ ಭಾಗವತರು ಕೂತಿರುತ್ತಾರೆ. ಪ್ರಶ್ನೆ ಹಾಕಿ ಹಾಸ್ಯ ಹೊರಡಿಸುವವರೂ ಅವರೇ, ಹದ ಮೀರಿತು ಎನ್ನಿಸಿದರೆ ತಾಳ ತಟ್ಟಿ ಪದ್ಯ ಎತ್ತುವವರೂ ಅವರೇ. ಪ್ರಸಂಗ ಎಲ್ಲಿಗೆ ಹೋಗಬೇಕು, ಇವತ್ತು ಆಟ ಆಡಿಸುತ್ತಿರುವ ಮನೆ ಯಾರದು ಎಂಬುದೆಲ್ಲ ಅವರಿಗೆ ಗೊತ್ತು. ನಮ್ಮ ಸಮಾರಂಭಗಳಲ್ಲಿ ಆ ಜಾಗದಲ್ಲಿ ನಿಂತಿರುವವನು ನನ್ನಂಥ ಕಾರ್ಯದರ್ಶಿ, ಕೈಯಲ್ಲಿ "5 ನಿಮಿಷ" ಎಂದು ಬರೆದ ಚೀಟಿ ಹಿಡಿದು.

ಅಂದಿನಿಂದ ನಾನು ಹಾಸ್ಯಗಾರರನ್ನು ಪರೀಕ್ಷಿಸುವುದು ವಿಡಿಯೋ ನೋಡಿ ಅಲ್ಲ. ವಿಡಿಯೋದಲ್ಲಿ ಎಲ್ಲರೂ ನಗಿಸುತ್ತಾರೆ, ಕತ್ತರಿಸಿ ಅಂಟಿಸಿದ್ದು. ಫೋನು ಮಾಡಿ, ಅವರು ನನ್ನನ್ನು ಏನು ಕೇಳುತ್ತಾರೆ ಎಂದು ಕಾಯುತ್ತೇನೆ. ಈ ಸಲ ಇಬ್ಬರು "ಅಮೌಂಟ್ ಎಷ್ಟು?" ಎಂಬಲ್ಲಿಗೆ ನಿಂತರು. ಮೂರನೆಯವರು ತಿಪಟೂರು ಕಡೆಯ ನಿವೃತ್ತ ಮೇಷ್ಟ್ರು.

"ಕುರ್ಚಿ ಎಷ್ಟು ಹಾಕಿಸ್ತೀರಿ ಸಾರ್?"

"ಮುನ್ನೂರು."

"ಇನ್ನೂರು ಹಾಕ್ಸಿ. ಕೊನೇಲಿ ಐವತ್ತು ಜನ ನಿಂತಿದ್ರೆ ನಗು ಚೆನ್ನಾಗಿರ್ತದೆ, ಖಾಲಿ ಕುರ್ಚಿ ಎಲ್ಲಾ ನುಂಗಾಕ್ತದೆ. ನಂಗೆ ಮುಂಚೆ ಏನಿದೆ?"

"ಮಕ್ಕಳ ಡ್ಯಾನ್ಸು."

"ಅಯ್ಯೋ, ಮಕ್ಕಳದು ಮುಗಿದ್ರೆ ಅಮ್ಮಂದಿರು ಮೇಕಪ್ ಅಳಿಸೋಕೆ ಎದ್ದೋಗ್ತಾರೆ. ನನ್ನ ಎರಡು ಡ್ಯಾನ್ಸಿನ ಮಧ್ಯೆ ಹಾಕಿ. ಊಟ?"

"ಆಮೇಲೆ."

"ಹಂಗಾದ್ರೆ ನಲವತ್ತು ನಿಮಿಷ ಸಾಕು, ಹಸಿದೋನು ನಗಲ್ಲ." ಸ್ವಲ್ಪ ತಡೆದು ಕೇಳಿದರು. "ಈಚೆಗೆ ನಿಮ್ಮ ಬೀದೀಲಿ ಯಾರಾದ್ರೂ ಹೋದ್ರಾ ಸಾರ್?"

ನನಗೆ ಮಾತು ಹೊರಡಲು ಒಂದು ಕ್ಷಣ ಹಿಡಿಯಿತು. ಮೂರನೇ ಕ್ರಾಸಿನ ದಿನಸಿ ಅಂಗಡಿಯವರು ದಸರೆಗೆ ಮುಂಚೆ ತೀರಿಕೊಂಡಿದ್ದರು. ಅರ್ಧ ಬಡಾವಣೆಗೆ ಸಾಲ ಕೊಟ್ಟವರು, ಈಗ ಅಂಗಡಿಯಲ್ಲಿ ಅವರ ಹೆಂಡತಿ ಕೂರುತ್ತಾರೆ ಎಂದೆ. "ಹೂಂ" ಎಂದರು, ಬರೆದುಕೊಳ್ಳುತ್ತಿದ್ದ ಹಾಗಿತ್ತು.

ಭಾನುವಾರ ಅವರು ಒಂದು ಗಂಟೆ ಮುಂಚೆಯೇ ಬಂದರು. ವೇದಿಕೆಯ ಹಿಂದೆ ಹಾಕಿದ್ದ ವಿಶೇಷ ಕುರ್ಚಿಯಲ್ಲಿ ಕೂರಲಿಲ್ಲ. ಕೊನೆಯ ಸಾಲಿನಲ್ಲಿ ಹೆಂಗಸರು ಹೂ ಕಟ್ಟುತ್ತಿದ್ದ ಕಡೆ ಹೋಗಿ, ಟೀ ಲೋಟ ಹಿಡಿದು, ಯಾವೂರು, ಮಕ್ಕಳೆಷ್ಟು ಎಂದು ಹರಟುತ್ತಾ ಕೂತರು. ಬಂದವರು ಯಾರದೋ ನೆಂಟರು ಎಂದೇ ಎಲ್ಲರೂ ಅಂದುಕೊಂಡಿದ್ದರು. ವೇದಿಕೆ ಹತ್ತಿದ ಮೇಲೆ ನಲವತ್ತು ನಿಮಿಷ ಎಂದವರು ಮೂವತ್ತೆಂಟಕ್ಕೆ ಮುಗಿಸಿದರು. ಬಸ್ಸು, ಬೀಗರು, ಮೇಷ್ಟರು, ಮದುವೆಮನೆಯ ಪಂಕ್ತಿ. ಅತಿ ಹೆಚ್ಚು ಪೆಟ್ಟು ತಿಂದವನು ಕಾರ್ಯದರ್ಶಿ. ಅಂಗಡಿಯಮ್ಮ ಸೆರಗು ಬಾಯಿಗೊತ್ತಿ ನಕ್ಕಿದ್ದನ್ನು ನಾನು ನೋಡಿದೆ. ಖಜಾಂಚಿ ಅಪಹಸಿತಕ್ಕೆ ಇಳಿದರು.

ಪೇಟ, ಶಾಲು, ಕವರು ಎಲ್ಲ ಆಗಿ ಮೇಷ್ಟ್ರು ತಿಪಟೂರಿನ ಬಸ್ಸಿಗೆ ಹೋದ ಮೇಲೆ ಮೈಕ್ ಸೆಟ್ಟಿನ ಹುಡುಗ ಒಂದು ಚೀಟಿ ತಂದುಕೊಟ್ಟ. ಅವರು ಮೈಕಿನ ಸ್ಟ್ಯಾಂಡಿಗೆ ಸಿಕ್ಕಿಸಿಕೊಂಡಿದ್ದದ್ದು. ಜೋಕುಗಳ ಹೆಸರು, ಒಂದೊಂದಕ್ಕೆ ಒಂದೊಂದು ಪದ, ಹನ್ನೆರಡು ಸಾಲು. ಎರಡು ಸಾಲಿಗೆ ಅಡ್ಡಗೆರೆ. ಒಂದು, "ಅಂಗಡಿ ಸಾಲ." ಅದು ನಾನು ಹೇಳಿದ್ದರ ಫಲ, ಮನೆಯಲ್ಲಿ ಕೂತು ನೀಲಿ ಇಂಕಿನಲ್ಲಿ ಹೊಡೆದದ್ದು. ಇನ್ನೊಂದು, "ಸೊಸೆ ಸೀಮಂತ." ಅದನ್ನು ಪೆನ್ಸಿಲಿನಲ್ಲಿ, ಗಡಿಬಿಡಿಯಲ್ಲಿ ಹೊಡೆದಿದ್ದರು, ಹೂ ಕಟ್ಟುವವರ ನಡುವೆ ಕೂತಿದ್ದಾಗಲೇ ಇರಬೇಕು. ಅದು ಯಾರ ಮನೆಯ ವಿಷಯವೋ ನನಗೆ ಇವತ್ತಿಗೂ ತಿಳಿದಿಲ್ಲ.